ಮಳೆಗಾಲದಲ್ಲಿ ಅಲಿಬಾಗ್‌ಗೆ ಹೊರಟಿದ್ದೀರಾ? ಮೊದಲು ಜಗಲಿ ನೋಡಿ

ಜುಲೈ ಬಂತೆಂದರೆ ಮುಂಬೈಯವರೆಲ್ಲ ಲೋನಾವಳಕ್ಕೆ ಓಡುತ್ತಾರೆ, ಅರ್ಧ ದಿನ ಘಾಟಿಯ ಟ್ರಾಫಿಕ್‌ನಲ್ಲೇ ಕಳೆಯುತ್ತಾರೆ. ಅದರ ಬದಲು ಗೆಳೆಯರು, ಒಡಹುಟ್ಟಿದವರು ಸೇರಿ ವಾರಾಂತ್ಯಕ್ಕೆ ಸಮುದ್ರದ ಕಡೆ ಹೋಗಿ. ಮುಂಬೈಯ ದಕ್ಷಿಣಕ್ಕಿರುವ ಕರಾವಳಿ ಊರು ಅಲಿಬಾಗ್, ಅದರ ಪಕ್ಕದ ವರ್ಸೋಲಿ, ನಾಗಾಂವ್, ಯಾವುದಾದರೂ ಆದೀತು. ಆದರೆ ಒಂದು ಮಾತು ತಲೆಯಲ್ಲಿರಲಿ: ಬೇಸಿಗೆಯ ಅಲಿಬಾಗ್ ಬೇರೆ, ಮಳೆಗಾಲದ್ದು ಬೇರೆ. ವಾಟರ್ ಸ್ಪೋರ್ಟ್ಸ್ ಇಲ್ಲ, ಮುರುಡ್‌ನ ಜಂಜೀರಾ ಕೋಟೆಗೆ ದೋಣಿ ಇಲ್ಲ, ಮುಂಬೈಯ ಗೇಟ್‌ವೇಯಿಂದ ಅಲಿಬಾಗ್ ಕಡೆಯ ಮಾಂಡ್ವಾ ಜೆಟ್ಟಿಗೆ ಹೋಗುವ ಲಾಂಚ್ ಕೂಡ ಬಂದ್. ಎರಡು ದಿನದಲ್ಲಿ ಮುಕ್ಕಾಲು ಪಾಲು ಸೂರಿನ ಕೆಳಗೇ ಕೂತಿರುತ್ತೀರಿ. ಹಾಗಾಗಿ ಒಳ್ಳೆ ಮನೆ ಹುಡುಕಿದಿರೋ, ಅರ್ಧ ಪ್ರವಾಸ ಗೆದ್ದ ಹಾಗೆ.

ಸೀ ವ್ಯೂ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಜೋರು ಗಾಳಿಮಳೆಗೆ ಆ ಕಿಟಕಿ ತೆರೆಯಲಿಕ್ಕೇ ಆಗುವುದಿಲ್ಲ, ದುಡ್ಡು ಕೊಟ್ಟು ಪರದೆ ನೋಡಿದ ಹಾಗೆ. ಕೇಳಬೇಕಾದ್ದು ಬೇರೆ. ಎರಚಲು ಹೊಡೆಯದ ಹಾಗೆ ಮಾಡು ಇಳಿಸಿದ ಜಗಲಿ ಇದೆಯಾ, ಅಲ್ಲಿ ಎಲ್ಲರೂ ಒಟ್ಟಿಗೆ ಕೂರಬಹುದಾ, ಸೂರಿನ ಕೆಳಗೆ ಬಟ್ಟೆ ಒಣಗಿಸಲು ಹಗ್ಗ ಇದೆಯಾ, ಇನ್ವರ್ಟರ್ ಇದೆಯಾ, ಊಟ ಮನೆಯವರೇ ಮಾಡಿ ಹಾಕುತ್ತಾರಾ ಅಂತ. ಮಳೆ ಬರುತ್ತಿರುವಾಗ ತೆಗೆದ ಒಂದು ವಿಡಿಯೋ ಕಳಿಸಿ ಅನ್ನಿ. ಜನವರಿಯ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಯಾವ ಮನೆಯೂ ಸೋರುವುದಿಲ್ಲ, ಅಲ್ವಾ? ತಾರೀಕು ಬದಲಾಯಿಸಲು ಒಪ್ಪುವವರ ಮನೆಯನ್ನೇ ಹಿಡಿಯಿರಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೋಗುವ ದಾರಿ ಎರಡು. ರಸ್ತೆಯಲ್ಲಾದರೆ ಪನ್ವೇಲ್, ಪೇಣ್, ವಡಖಳ್ ಮೇಲೆ ಸುಮಾರು 100 ಕಿಮೀ. ಹೊಂಡ ಲೆಕ್ಕ ಹಾಕುತ್ತಾ ಹೋಗಬೇಕು, ವಡಖಳ್ ಹತ್ತಿರ ಸಿಕ್ಕಿಕೊಂಡರೆ ಮುಗೀತು. ಇನ್ನೊಂದು ಮುಂಬೈಯ ಹಡಗುಕಟ್ಟೆ ಭಾವುಚಾ ಧಕ್ಕಾದಿಂದ ಹೊರಡುವ ರೋ-ರೋ ಹಡಗು. 2020ರಲ್ಲಿ ಶುರುವಾದದ್ದು, ಕಾರನ್ನೂ ಹತ್ತಿಸಿಕೊಳ್ಳುತ್ತದೆ, ಸುಮಾರು ಒಂದು ಗಂಟೆಯಲ್ಲಿ ಮಾಂಡ್ವಾ. ಮಳೆಗಾಲದಲ್ಲೂ ಓಡುತ್ತದೆ, ಆದರೆ ಸಮುದ್ರ ಕೆರಳಿದರೆ ರದ್ದು. ಹೊರಡುವ ಬೆಳಿಗ್ಗೆ ಇನ್ನೊಮ್ಮೆ ವಿಚಾರಿಸಿ. ನನ್ನ ಓಟು ಹಡಗಿಗೇ. ಕಾರು ಇಲ್ಲದವರು ಮಾಂಡ್ವಾದಿಂದ ಅಲಿಬಾಗ್‌ಗೆ ಇನ್ನೂ 20 ಕಿಮೀ ಇದೆ ಅನ್ನುವುದನ್ನು ಮರೆಯಬೇಡಿ.

ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣಗಳನ್ನು ಗುರುವಾರದಿಂದಲೇ ಅಲಿಬಾಗ್ ಇರುವ ರಾಯಗಡ ಜಿಲ್ಲೆಗೆ ನೋಡುತ್ತಿರಿ, ಮುಂಬೈಗೆ ಮಾತ್ರ ಅಲ್ಲ. ಯೆಲ್ಲೋ ಇದ್ದರೆ ಹೊರಡಿ. ಆರೆಂಜ್ ಇದ್ದರೆ ಶುಕ್ರವಾರ ರಾತ್ರಿ ತೀರ್ಮಾನ ಮಾಡಿ. ರೆಡ್ ಬಂತೋ, ಸುಮ್ನೆ ಮುಂದಿನ ವಾರಕ್ಕೆ ಹಾಕಿ. ರೆಡ್ ಅಂದರೆ 24 ಗಂಟೆಯಲ್ಲಿ 204.4 ಮಿಮೀ ದಾಟುವ ಮಳೆ, ಅದರಲ್ಲಿ ಜಗಲಿಯೂ ನಿಮ್ಮನ್ನು ಕಾಪಾಡುವುದಿಲ್ಲ.

ಈಗ ಒಡಹುಟ್ಟಿದವರ ವಿಷಯ. ತಂಗಿಯೋ ಅಣ್ಣನೋ ಜೊತೆಗಿದ್ದಾಗ ಗುಂಪು ತಾನಾಗಿಯೇ ‘ಅವಳ ಕಡೆಯವರು’, ‘ನನ್ನ ಕಡೆಯವರು’ ಅಂತ ಎರಡಾಗುತ್ತದೆ, ಮದುವೆ ಮನೆಯ ಬೀಗರ ಹಾಗೆ. ಇದನ್ನು ಮೊದಲ ದಿನವೇ ಮುರಿಯಬೇಕು. ಕೆಲಸ ಹಂಚುವಾಗ ಬೆರೆಸಿ ಹಂಚಿ: ನಿಮ್ಮ ಗೆಳೆಯ ಮತ್ತು ತಂಗಿಯ ಗೆಳತಿ ಸಾಮಾನು ತರಲಿ, ತಂಗಿ ಇನ್ನೊಬ್ಬರ ಜೊತೆ ಚಹಾ ನೋಡಿಕೊಳ್ಳಲಿ. ಚಿಕ್ಕಂದಿನ ಯಾವ ಕಥೆ ಹೇಳಬಹುದು, ಯಾವುದು ಬೇಡ ಅಂತ ಇಬ್ಬರೂ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಸಂಜೆ ಕರೆಂಟ್ ಹೋದ ಮೇಲೆ ಬೇರೇನೂ ಕೆಲಸ ಇರುವುದಿಲ್ಲ, ಒಂದೊಂದೇ ಹೊರಗೆ ಬರುತ್ತವೆ. ಅಮ್ಮನ ಫೋನಿಗೂ ಇಬ್ಬರದ್ದೂ ಉತ್ತರ ಒಂದೇ ಇರಲಿ. ನೀವು ‘ರೂಮಲ್ಲೇ ಇದ್ದೀವಿ ಅಮ್ಮ’ ಅನ್ನುವಾಗಲೇ ತಂಗಿ ದಂಡೆಯ ಫೋಟೋ ಫ್ಯಾಮಿಲಿ ಗ್ರೂಪ್‌ಗೆ ಹಾಕಿದರೆ ಇಬ್ಬರಿಗೂ ಬೈಗುಳ ಗ್ಯಾರಂಟಿ.

ಸಮುದ್ರ ನೋಡಲು ಗಡಿಯಾರ ಬೇಡ, ಉಬ್ಬರ ಇಳಿತದ ಪಟ್ಟಿ ಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಶನಿವಾರ ಹತ್ತಕ್ಕಿದ್ದರೆ ಭಾನುವಾರ ಹತ್ತು ಐವತ್ತರ ಹತ್ತಿರ. ನೀರು ಇಳಿಯುವ ಹೊತ್ತಿಗೆ ಹೋಗಿ, ತಿರುಗಿ ಏರಲು ಶುರುವಾದರೆ ವಾಪಸ್ ಬನ್ನಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಜೋರು, ಆಗ ದಂಡೆಯೇ ಉಳಿಯುವುದಿಲ್ಲ. ನೀರಿಗೆ ಮಾತ್ರ ಇಳಿಯಬೇಡಿ. ಮಳೆಗಾಲದಲ್ಲಿ ಅಲೆ ತಳದ ಮರಳನ್ನು ಕೊರೆದು ಹೊಂಡ ಮಾಡುತ್ತದೆ, ಒಳಗೆಳೆಯುವ ಸೆಳೆತ ಮೇಲಿಂದ ಕಾಣುವುದಿಲ್ಲ. ‘ನನಗೆ ಈಜು ಬರುತ್ತೆ’ ಅನ್ನುವವನ ಮೇಲೇ ಜಾಸ್ತಿ ಕಣ್ಣಿಡಿ. ರೀಲ್ ಮಾಡಲು ಕಾರನ್ನು ಮರಳಿಗೆ ಇಳಿಸುವುದೂ ಬೇಡ. ಚಕ್ರ ಒಮ್ಮೆ ಹೂತರೆ ಟ್ರ್ಯಾಕ್ಟರ್ ಬರುವಷ್ಟರಲ್ಲಿ ನೀರು ಬಾಗಿಲಿಗೆ ಬಂದಿರುತ್ತದೆ.

ಅಲಿಬಾಗ್ ದಡದಾಚೆ ಸಮುದ್ರದಲ್ಲಿರುವ ಕುಲಾಬಾ ಕೋಟೆಯನ್ನೂ ದಡದಿಂದಲೇ ನೋಡಿ. ಒಣ ದಿನಗಳಲ್ಲಿ ಇಳಿತದ ಹೊತ್ತಿಗೆ ನಡೆದೇ ಹೋಗುವ ಜಾಗ ಅದು, ಈಗ ಅಲ್ಲ. ಮರಾಠಾ ನೌಕಾಪಡೆಯ ಮುಖ್ಯಸ್ಥ ಕಾನ್ಹೋಜಿ ಆಂಗ್ರೆ ಕಾಲದಲ್ಲಿ, 1721ರಲ್ಲಿ, ಇಂಗ್ಲಿಷರು ಪೋರ್ಚುಗೀಸರು ಒಟ್ಟಿಗೆ ಬಂದು ಗೆಲ್ಲಲಾಗದೆ ಹೋದ ಕೋಟೆ. ನೀವು ಒಂದು ಛತ್ರಿ ಹಿಡಿದು ಹೊರಟರೆ ಗೆಲ್ಲುತ್ತೀರಾ?

ಊಟಕ್ಕೆ ಬರೋಣ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಮ್ಮ ಉಡುಪಿ, ಮಂಗಳೂರು ಕಡೆಯವರಿಗೆ ಇದು ಹೊಸತೇನಲ್ಲ, ಆದರೂ ಹೋಟೆಲಿನಲ್ಲಿ ಕೂತ ತಕ್ಷಣ ಪಾಪ್ಲೆಟ್ (ಮಾಂಜಿ), ಸುರ್ಮೈ (ಅಂಜಲ್) ಅಂತ ಶುರು ಮಾಡುತ್ತಾರೆ. ಆ ದಿನಗಳಲ್ಲಿ ಸಿಗುವುದು ಹೆಚ್ಚಾಗಿ ಐಸಿನ ಮೀನು. ಮನೆಯವರನ್ನೇ ಕೇಳಿ, ಖಾಡಿಯ (ಹಿನ್ನೀರಿನ) ಏಡಿ ಸಿಕ್ಕೀತು. ಇಲ್ಲವಾದರೆ ಒಣ ಬೊಂಬಿಲ್ ಮೀನು, ಸುಕಟ್ (ಒಣ ಸಿಗಡಿ) ಚಟ್ನಿ, ಬಿಸಿ ಅಕ್ಕಿ ರೊಟ್ಟಿ, ಪುನರ್ಪುಳಿಯ ಸೋಲ್‌ಕಢಿ. ಕುಚ್ಚಲಕ್ಕಿ ಗಂಜಿಗೆ ಒಣಮೀನು ನೆಂಜಿಕೊಂಡು ಬೆಳೆದವರಿಗೆ ಇದಕ್ಕಿಂತ ಇನ್ನೇನು ಬೇಕು?

ಬ್ಯಾಗಿಗೆ ಜೀನ್ಸ್ ಹಾಕಬೇಡಿ, ಭಾನುವಾರಕ್ಕೂ ಒಣಗುವುದಿಲ್ಲ. ಪ್ರತಿಯೊಬ್ಬರ ಒಣ ಬಟ್ಟೆಯ ಒಂದು ಜೊತೆ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿರಲಿ, ಅದನ್ನು ವಾಪಸ್ ಹೊರಡುವಾಗ ಮಾತ್ರ ಬಿಚ್ಚಿ. ಹಳೆ ಪೇಪರ್ ಒಯ್ಯಿರಿ, ರಾತ್ರಿ ಶೂ ಒಳಗೆ ತುರುಕಿ. ಫೋನಿಗೆ ನೀರು ಹೋದರೆ ಚಾರ್ಜಿಗೆ ಹಾಕಬೇಡಿ. ಕಾಲಿಗೆ ಗಾಯವಾಗಿದ್ದರೆ ನಿಂತ ನೀರಿನಲ್ಲಿ ನಡೆಯಬೇಡಿ, ಇಲಿಜ್ವರದ ಕಾಲ ಇದು. ನಗದು ಇಟ್ಟುಕೊಳ್ಳಿ, ಕರೆಂಟ್ ಹೋದರೆ ಟವರ್ ಹೋಗಬಹುದು, ಟವರ್ ಹೋದರೆ ಯುಪಿಐಯೂ ಇಲ್ಲ.

ಭಾನುವಾರ ಸಂಜೆಯ ಹಡಗು ಆಸೆಪಟ್ಟು ಬುಕ್ ಮಾಡಬೇಡಿ. ಮಧ್ಯಾಹ್ನದ್ದೇ ಇರಲಿ, ಅದು ರದ್ದಾದರೂ ರಸ್ತೆಯಲ್ಲಿ ಮನೆ ಸೇರಲು ಹೊತ್ತಿರುತ್ತದೆ. ಖರ್ಚಿನ ಲೆಕ್ಕ ಹಡಗಿನಲ್ಲಿ ಕೂತಾಗಲೇ ಮುಗಿಸಿ. ಭಾವುಚಾ ಧಕ್ಕಾ ಇಳಿದ ಮೇಲೆ ಗೆಳೆಯರು ಹೇಗೋ ಕೊಡುತ್ತಾರೆ, ತಂಗಿ ಮಾತ್ರ ‘ಅಣ್ಣ, ನಂದು ನೀನೇ ಹಾಕ್ಕೋ’ ಅಂತ ಟ್ಯಾಕ್ಸಿ ಹತ್ತಿರುತ್ತಾಳೆ.