ಸ್ಲೇಟ್ ಕಲ್ಲಿಗೆ ಬೆನ್ನು ಕಟ್ಟಿ ನೆಲ ಹಾಸಿದ ನನ್ನ ಅನುಭವ

ಹಿಂಬದಿ ಸಮ ಮಾಡದ ಒರಟು ಸ್ಲೇಟ್ ಕಲ್ಲನ್ನು ಮನೆಯೊಳಗೆ ಹಾಸುತ್ತೇನೆ ಎಂದಾಗ ಮೂವರು ಮೇಸ್ತ್ರಿಗಳನ್ನು ಕೇಳಿದ್ದೆ. ಮೂವರೂ ಬೇಡ ಎಂದರು. "ಇದು ಗೋಡೆಗೆ ಅಂಟಿಸುವ ಕಲ್ಲು. ನೆಲಕ್ಕೆ ಹಾಕಿದರೆ ದಿನಕ್ಕೊಬ್ಬರು ಎಡವುತ್ತೀರಿ" ಎಂದವರು ಅವರಲ್ಲಿ ಹಿರಿಯರು. ಅವರ ಮಾತು ಸುಳ್ಳಾಗಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ 8 ಮಿಲಿಮೀಟರಿನ ಕಲ್ಲೂ ಇತ್ತು, 16ರದ್ದೂ ಇತ್ತು. ಬೆನ್ನು ಸಮ ಮಾಡಿದ ಕಲ್ಲಿಗೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಕೊಡಬೇಕಿತ್ತು. ಆ ಮುಕ್ಕಾಲನ್ನು ಉಳಿಸುವ ಹಟದಿಂದ ಹುಟ್ಟಿದ ಕೆಲಸ ಇದು. ಉಳಿಯಿತೇ ಎಂಬ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆಯ್ಕೆ. ಮಾದರಿ ಕಲ್ಲುಗಳಲ್ಲಿ ನನಗೆ ಹಿಡಿಸಿದ್ದು ತಾಮ್ರದ ಹೊಳಪಿನದು. ಅದನ್ನು ಒಂದು ವಾರ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿದೆ. ನಾಲ್ಕನೆಯ ದಿನ ಹೊಳೆಯುತ್ತಿದ್ದ ಚುಕ್ಕೆಗಳ ಸುತ್ತ ತುಕ್ಕಿನ ಉಂಗುರ ಮೂಡಿತು, ನೀರು ಕೆಮ್ಮಣ್ಣು ಕದಡಿದಂತಾಯಿತು. ಒಳಗೆ ಪೈರೈಟ್, ಅಂದರೆ ತುಕ್ಕು ಬಿಡುವ ಕಬ್ಬಿಣದ ಖನಿಜ, ಇರುವ ಕಲ್ಲು. ನೆಲ ಒರೆಸಿದಷ್ಟೂ ಕಲೆ ಹರಡುತ್ತಿತ್ತು. ಅದನ್ನು ಬಿಟ್ಟು ಬೂದುಹಸಿರು ಕಲ್ಲಿಗೆ ಬಂದೆ. ಒಣಗಿದ ಕಲ್ಲನ್ನು ತೂಗಿ, ಒಂದು ದಿನ ನೆನೆಸಿ, ಮೈ ಒರೆಸಿ ಮತ್ತೆ ತೂಗಿದೆ. ಮೂರು ಕಿಲೋ ಆಸುಪಾಸಿನ ಒಳ್ಳೆಯ ಕಲ್ಲು ಹತ್ತು ಹನ್ನೆರಡು ಗ್ರಾಂ ಮಾತ್ರ ಕುಡಿಯಿತು. ಕಡಿಮೆ ಬೆಲೆಗೆ ಸಿಗುತ್ತಿದ್ದ ಇನ್ನೊಂದು ಜಾತಿಯದು ಅರವತ್ತು ದಾಟಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದೂ ಬೇರೆ: ಗಟ್ಟಿ ಕಲ್ಲು ಕಂಚಿನಂತೆ ಕಣಕಣಿಸುತ್ತದೆ, ಪದರ ಬಿಟ್ಟ ಕಲ್ಲು ಒದ್ದೆ ಹಲಗೆಯಂತೆ ದಬ್ ಎನ್ನುತ್ತದೆ. ಮೊಳೆಯಿಂದ ಗೀರಿ, ಬಂದ ಪುಡಿಯ ಮೇಲೆ ನಿಂಬೆರಸ ಬಿಟ್ಟು ನೊರೆ ಬರುತ್ತದೆಯೇ ಎಂದೂ ನೋಡಿದೆ. ಬರಲಿಲ್ಲ. ನೊರೆ ಬಂದಿದ್ದರೆ ಸುಣ್ಣದ ಅಂಶವಿದೆ ಎಂದರ್ಥ, ಅಡುಗೆಮನೆಗೆ ಆಗದು.

ಸುಮಾರು 22 ಚದರ ಮೀಟರ್ ನೆಲ, 30 ಸೆಂಟಿಮೀಟರಿನ ಚೌಕ ಕಲ್ಲು. 240 ಇದ್ದರೆ ಸಾಕಿತ್ತು, 280 ಚಿಲ್ಲರೆ ತರಿಸಿದೆ. ಒಂದೇ ಬಣ್ಣದವು ಒಂದೇ ಕಡೆ ಗುಂಪಾಗದಿರಲೆಂದು ಎಲ್ಲ ಪೆಟ್ಟಿಗೆಗಳನ್ನೂ ಒಮ್ಮೆಗೇ ಬಿಚ್ಚಿ ಬೆರೆಸಿದೆ.

ಮೊದಲ ಪ್ರಯತ್ನದಲ್ಲಿ ಮುಗ್ಗರಿಸಿದೆ. ಚೆಂದದ ಕಲ್ಲುಗಳನ್ನು ಆರಿಸಿ ಬಾಗಿಲಿನಿಂದ ಶುರು ಮಾಡಿದೆ. ಅಂಟು ಹರಡಲು ಕೈಯಲ್ಲಿದ್ದದ್ದು ಸಾದಾ 6 ಮಿಲಿಮೀಟರಿನ ಹಲ್ಲು ಕರಣೆ. ಎರಡು ಸಾಲು ನೀಟಾಗಿ ಬಂದವು. ಮೂರನೆಯ ಸಾಲಿನಲ್ಲಿ ದಪ್ಪ ಕಲ್ಲೊಂದು ಬಂತು. ರಬ್ಬರ್ ಸುತ್ತಿಗೆಯಿಂದ ಎಷ್ಟು ಬಡಿದರೂ ಪಕ್ಕದ ಕಲ್ಲಿಗಿಂತ 5 ಮಿಲಿಮೀಟರ್ ಎದ್ದೇ ನಿಂತಿತು. ತೆಳು ಕಲ್ಲಿನ ಕೆಳಗೆ ಅಂಟು ತುಂಬಿ ಎತ್ತಬಹುದು, ದಪ್ಪ ಕಲ್ಲನ್ನು ಇಳಿಸಲು ಜಾಗವೇ ಇರುವುದಿಲ್ಲ. ಮಟ್ಟ ಮಾಡುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನೂ ತಂದೆ. ಉಬ್ಬುತಗ್ಗಿನ ಮುಖದ ಮೇಲೆ ಅವು ಎಲ್ಲಿ ಹಿಡಿಯಬೇಕು? ಹಣ ದಂಡ. ಹದಿನಾಲ್ಕು ಕಲ್ಲು ಕಿತ್ತೆ, ಎಂಟು ಒಡೆದವು. ಆ ರಾತ್ರಿ ಮೇಸ್ತ್ರಿಗಳ ಮುಖವೇ ಕಣ್ಣ ಮುಂದೆ.

ಬೆಳಿಗ್ಗೆ ಹೊಳೆದ ಉಪಾಯ: ಹಾಸುವಾಗ ಮಟ್ಟ ಮಾಡುವುದಕ್ಕಿಂತ ಹಾಸುವ ಮೊದಲೇ ಎಲ್ಲ ಕಲ್ಲನ್ನೂ ಒಂದೇ ದಪ್ಪಕ್ಕೆ ತಂದರೆ? ಮರದ ಪಟ್ಟಿಗಳಿಂದ 14 ಮಿಲಿಮೀಟರ್ ಆಳದ ಚೌಕಟ್ಟು ಮಾಡಿದೆ. ಕಲ್ಲನ್ನು ಅದರೊಳಗೆ ಮುಖ ಕೆಳಗಾಗಿ ಮಲಗಿಸಿ, ಬೆನ್ನ ಮೇಲೆ ಕಲ್ಲಿನ ಟೈಲ್ ಅಂಟು ತುಂಬಿ, ಚೌಕಟ್ಟಿನ ಅಂಚುಗಳ ಮೇಲೆ ಮಟ್ಟಗೋಲು ಎಳೆದು ಬಿಟ್ಟರೆ ಕಲ್ಲು, ಬೆನ್ನು ಸೇರಿ ಸರಿಯಾಗಿ 14. ಇಂಥ ಆರು ಚೌಕಟ್ಟು. ಮರಕ್ಕೆ ಅಂಟು ಹಿಡಿಯದಿರಲು ಏನು ಸವರಿದೆ ಎಂಬುದನ್ನು ಹೇಳುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ವಸ್ತು, ಯೋಚಿಸಿದರೆ ಸಿಗುತ್ತದೆ.

"ಆ ಬೆನ್ನು ಆರು ತಿಂಗಳಿಗೆ ಕಳಚಿಕೊಳ್ಳುತ್ತದೆ" ಎಂದರು ಹಿರಿಯ ಮೇಸ್ತ್ರಿ. ಮೊದಲ ಹನ್ನೆರಡು ಕಲ್ಲುಗಳ ಮಟ್ಟಿಗೆ ಅವರು ಹೇಳಿದಂತೆಯೇ ಆಯಿತು. ಆರು ತಿಂಗಳೂ ಬೇಕಾಗಲಿಲ್ಲ. ಮರುದಿನ ಉಗುರು ತಾಗಿಸಿದರೆ ಹಳೆ ಸುಣ್ಣದ ಹಕ್ಕಳೆಯಂತೆ ಎದ್ದು ಬಂತು. ಕಿತ್ತ ಅಂಟನ್ನು ಬೆಳಕಿಗೆ ಹಿಡಿದು ನೋಡಿದೆ: ಅದರ ಮೈತುಂಬ ಕಲ್ಲಿನ ಸಣ್ಣ ಚಕ್ಕೆಗಳು ಮೆತ್ತಿಕೊಂಡಿದ್ದವು. ಅಂದರೆ ಅಂಟು ಕಲ್ಲನ್ನು ಹಿಡಿದಿತ್ತು, ಹಿಡಿದ ಪದರವೇ ಸಡಿಲವಾಗಿತ್ತು. ಅಲ್ಲಿಂದಾಚೆ ಪ್ರತಿ ಕಲ್ಲಿನ ಬೆನ್ನನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಚಕ್ಕೆ ಏಳುವುದು ನಿಲ್ಲುವವರೆಗೆ ಕೆರೆದು, ತೊಳೆದು, ನೆರಳಲ್ಲಿ ಒಣಗಿಸಿದೆ. ಮೊದಲು ತೆಳುವಾಗಿ ಅಂಟು ಒತ್ತಿ ಸವರಿ, ಅದು ಹಸಿಯಿರುವಾಗಲೇ ಮೇಲೆ ತುಂಬಿದೆ. ಬೆನ್ನು ಗಟ್ಟಿಯಾಗುವ ಮೊದಲು ಕರಣೆಯ ಹಲ್ಲಿನಿಂದ ಗೀರು ಎಳೆದೆ. ಆ ಕಾರಣಕ್ಕೆ ಮತ್ತೆ ಒಂದೂ ಕಳಚಲಿಲ್ಲ.

ಆಮೇಲೂ ನಾಲ್ಕು ಕಳಚಿದವು, ಆದರೆ ಆ ತಪ್ಪು ಬೇರೆ. ಮುಖಕ್ಕೆ ಅಂಟು ಮೆತ್ತದಿರಲೆಂದು ಮೊದಲೇ ಒಂದು ಕೈ ಸೀಲರ್ (ಕಲ್ಲು ನೀರು, ಕಲೆ ಹೀರದಂತೆ ತಡೆಯುವ ದ್ರವ) ಹೊಡೆಯುತ್ತಿದ್ದೆ. ಅವಸರದಲ್ಲಿ ಅಂಚಿನಿಂದ ಬೆನ್ನಿಗೆ ಹರಿದಿತ್ತು. ಸೀಲರ್ ಕುಡಿದ ಬೆನ್ನಿಗೆ ಅಂಟು ಹಿಡಿಯುವುದಿಲ್ಲ. ಆಮೇಲೆ ಬ್ರಷ್ ಬಿಟ್ಟು ಬಟ್ಟೆ ಹಿಡಿದೆ.

ದಿನಕ್ಕೆ ಹದಿನೆಂಟು ಇಪ್ಪತ್ತು ಕಲ್ಲಿಗೆ ಬೆನ್ನು ಕಟ್ಟುತ್ತಿದ್ದೆ, ಹೆಚ್ಚೆಂದರೆ ಇಪ್ಪತ್ತನಾಲ್ಕು. ಎರಡು ವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೌಕಟ್ಟಿಗೆ ಹಿಡಿಸದ ದಪ್ಪ ಕಲ್ಲುಗಳು ಇಪ್ಪತ್ತರಷ್ಟಿದ್ದವು. ಅವುಗಳ ಬೆನ್ನನ್ನು ಗ್ರೈಂಡರಿನಿಂದ ಉಜ್ಜಲು ಹೋಗಿ ಮೂರಕ್ಕೇ ಸಾಕಾಯಿತು. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕವಚ ಇದ್ದರೂ ಧೈರ್ಯ ಬರಲಿಲ್ಲ. ಉಳಿದವು ಹೊರಗಿನ ಮೆಟ್ಟಿಲಿಗೆ ಹೋದವು, ಅಲ್ಲಿ ಚೆನ್ನಾಗಿಯೇ ಕಾಣುತ್ತವೆ.

ಹಾಸುವ ಕೆಲಸ ಐದು ದಿನದಲ್ಲಿ ಮುಗಿಯಿತು. ಎಲ್ಲ 14 ಇದ್ದ ಮೇಲೆ ದಾರ ಕಟ್ಟಿ ಸಾಮಾನ್ಯ ಟೈಲಿನಂತೆ ಕೂರಿಸಿದೆ. ಸಂದು 8 ಮಿಲಿಮೀಟರ್, ಗೋಡೆಯ ಬುಡದಲ್ಲಿ 10 ಬಿಟ್ಟೆ. ಉಬ್ಬುತಗ್ಗಿನ ಮುಖದಲ್ಲಿ ರಸಮಟ್ಟಕ್ಕಿಂತ ಬರಿಗಾಲನ್ನು ನಂಬಿದೆ: ಕಣ್ಣು ಮುಚ್ಚಿ ಅಂಗಾಲು ಜಾರಿಸಿದಾಗ ಅಂಚು ತಾಗಿದರೆ ಎತ್ತಿ ಮತ್ತೆ ಕೂರಿಸುವುದು.

ನಡುವೆ ಉಳಿದ ತುಂಡುಗಳ ಮೇಲೆ ಆಟವಾಡಿದೆ. ಅಗಸೆ ಎಣ್ಣೆ ಬಳಿದದ್ದು ಕಪ್ಪಗೆ ಮಿಂಚಿತು, ಆದರೆ ಹತ್ತು ದಿನವಾದರೂ ಜಿಗುಟು ಹೋಗದೆ ಧೂಳನ್ನೆಲ್ಲ ಕರೆದುಕೊಂಡಿತು. ಮೇಣ ಹಚ್ಚಿದ್ದರ ಮೇಲೆ ಒದ್ದೆ ಕಾಲಿಟ್ಟು ನಾನೇ ಜಾರಿದೆ. ಸಂದು ತುಂಬುವ ಗಾರೆಯಾದ ಗ್ರೌಟಿನ ಬಿಳಿ ಪೊರೆ ತೆಗೆಯಲು ಆಸಿಡ್ ಸುರಿದ ತುಂಡು ಕಂದು ಬಣ್ಣಕ್ಕೆ ತಿರುಗಿತು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಗ್ರೌಟ್ ತುಂಬುವ ಮೊದಲೊಮ್ಮೆ, ಅದು ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ, ಕಲ್ಲಿನೊಳಗೆ ಇಳಿಯುವ ಸೀಲರ್ ಹೊಡೆದರೆ ಪೊರೆಯ ಕಾಟ ಮುಕ್ಕಾಲು ತಪ್ಪುತ್ತದೆ. ಗ್ರೌಟಿನ ಬಣ್ಣ ಕಲ್ಲಿಗೆ ಹೊಂದಿದ್ದು ಹೇಗೆ ಎಂದು ಬಂದವರೆಲ್ಲ ಕೇಳುತ್ತಾರೆ. ಅದಕ್ಕೆ ಬೆರೆಸಿದ ಪುಡಿ ಈ ಕೆಲಸದಲ್ಲೇ ಸಿಕ್ಕಿದ್ದು ಎಂದಷ್ಟೇ ಹೇಳಬಲ್ಲೆ. ಪ್ರಮಾಣ ನನ್ನಲ್ಲೇ ಇರಲಿ, ಅರ್ಧ ಚೀಲ ಹಾಳು ಮಾಡಿ ಕಲಿತದ್ದು.

ಇನ್ನು ಲೆಕ್ಕ. 20 ಕಿಲೋದ ಐದು ಚೀಲ ಅಂಟು ಸಾಕು ಎಂದುಕೊಂಡಿದ್ದೆ, ಹದಿಮೂರು ಮುಗಿದವು. ಸೀಲರ್ ಬೇರೆ. ಒಡೆದದ್ದು, ಕ್ಲಿಪ್ಪು, ಬ್ಲೇಡು ಎಲ್ಲ ಸೇರಿಸಿದರೆ ಉಳಿಸಬೇಕೆಂದಿದ್ದ ಹಣದಲ್ಲಿ ಮೂರನೇ ಒಂದರಷ್ಟೇ ಉಳಿಯಿತು. ಅದರಲ್ಲಿ ನನ್ನ ಕೂಲಿ ಹಿಡಿದಿಲ್ಲ. ಹಿಡಿದರೆ ನಷ್ಟವೇ. ಆದರೆ ಸಮ ಮಾಡಿದ ಕಲ್ಲಿನಲ್ಲಿ ನಾನು ಕಂಡ ಬಣ್ಣಗಳಲ್ಲಿ ಈ ಬೂದುಹಸಿರು ಇರಲೇ ಇಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಅವಳು ಒಪ್ಪಿದಂತೆ ಕಾಣುತ್ತದೆ.

ಎರಡು ವರ್ಷವಾಯಿತು. ತಿಂಗಳ ಹಿಂದೆ ಒಲೆಯ ಪಕ್ಕದ ಒಂದು ಕಲ್ಲಿನ ಮೇಲೆ ಭಾರದ ಪಾತ್ರೆ ಬಿದ್ದು ಮೂಲೆ ಚಕ್ಕೆ ಎದ್ದಿತು. ಹಿರಿಯ ಮೇಸ್ತ್ರಿಯನ್ನೇ ಕರೆದೆ, ಉಳಿ ಅವರ ಕೈಗೇ ಕೊಟ್ಟೆ. ಕಾಲು ಗಂಟೆ ಬಡಿದರು. ಕಲ್ಲು ತನ್ನ ಪದರದಲ್ಲೇ ಸೀಳಿ ತುಂಡುತುಂಡಾಗಿ ಬಂತು, ಬೆನ್ನು ಮಾತ್ರ ಕೆಳಗಿನ ಪದರವನ್ನು ಕಚ್ಚಿಕೊಂಡು ನೆಲದಲ್ಲೇ ಉಳಿಯಿತು. ಅದನ್ನು ಬೆರಳಿನಿಂದ ಸವರಿ, "ಆ ಚೌಕಟ್ಟುಗಳು ಇನ್ನೂ ಇವೆಯೇ?" ಎಂದು ಕೇಳಿದರು. ಅಟ್ಟದಲ್ಲಿದ್ದ ಆರರಲ್ಲಿ ಎರಡನ್ನು ಕೊಟ್ಟು ಕಳುಹಿಸಿದೆ.