ಡಬ್ಬಿ ತೆಗೆದ ಮೇಲೆ ಬಸ್ಸು ಟೈಮಿಗೆ ಬಂತು: ಬಡಾವಣೆಯ ಪುಕ್ಕಟೆ ಗಾಡಿ, ನನ್ನ ಅನುಭವ

ಬಡಾವಣೆಯಿಂದ ಮೆಟ್ರೊಗೆ ಪುಕ್ಕಟೆ ಬಸ್ ಓಡಿಸೋಣ ಅಂತ ನಿವಾಸಿಗಳ ಸಂಘದ ಮೀಟಿಂಗಲ್ಲಿ ನಾನು ಹೇಳಿದಾಗ ನಮ್ಮ ಖಜಾಂಚಿಯವರು ಜೋರಾಗಿ ನಕ್ಕಿದ್ದರು. "ಪುಕ್ಕಟೆ ಅಂದ್ರೆ ಬೆಲೆ ಇರಲ್ಲ ರೀ, ಮೂರು ತಿಂಗಳಲ್ಲಿ ಮುಚ್ಚುತ್ತೆ." ಇನ್ನೊಬ್ಬರು ಮೊಬೈಲ್ ತೆಗೆದು, ಬೆಲ್ಜಿಯಂನ ಹ್ಯಾಸೆಲ್ಟ್ ಅನ್ನೋ ಊರು 1997ರಲ್ಲಿ ಬಸ್ ಪುಕ್ಕಟೆ ಮಾಡಿ 2013ರಲ್ಲಿ ನಿಲ್ಲಿಸಿತು ಅಂತ ಓದಿ ಹೇಳಿದರು. ಹದಿನಾರು ವರ್ಷ ಓಡಿತಲ್ಲ ಸ್ವಾಮಿ, ಅಂದೆ. ನಮ್ಮ ಗಾಡಿಗೆ ಈಗ 14 ತಿಂಗಳು. ಬೇರೆ ಬಡಾವಣೆಯವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ, ಅದಕ್ಕೇ ಒಂದು ಸಲ ಬರೆದು ಬಿಡುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಕನಕಪುರ ರಸ್ತೆ, ತಲಘಟ್ಟಪುರ ಮೆಟ್ರೊದಿಂದ ಎರಡೂವರೆ ಕಿಲೋಮೀಟರ್ ಒಳಗೆ. 2021ರ ಜನವರಿಯಲ್ಲಿ ಮೆಟ್ರೊ ಬಂತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸಾಮಾನ್ಯ ಬಸ್ಸೆಲ್ಲ ಪುಕ್ಕಟೆ. ಆದರೆ ನನ್ನ ಹೆಂಡತಿ ಮೇನ್ ರೋಡಿಂದ ಮೆಜೆಸ್ಟಿಕ್‌ವರೆಗೆ ಶೂನ್ಯ ಟಿಕೆಟ್ಟಲ್ಲಿ ಹೋಗುತ್ತಿದ್ದಳು, ಮನೆಯಿಂದ ಮೇನ್ ರೋಡಿಗೆ ಬರಲು ಆಟೋಗೆ 60 ರೂಪಾಯಿ ಕೊಡುತ್ತಿದ್ದಳು. ಮೀಟರ್ ಕನಿಷ್ಠ ದರ ಆಗ 30, ಈಗ 36. ಮೀಟರ್ ಹಾಕುವವರು ಯಾರು ಬಿಡಿ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟಾಫ್ ಬಸ್ಸು ನೋಡಿಕೊಂಡವನು, ಇಪ್ಪತ್ತು ವರ್ಷ. ಹಾಗಾಗಿ ಗಾಡಿ ಹುಡುಕೋದು ಕಷ್ಟವಾಗಲಿಲ್ಲ. ಹನ್ನೆರಡು ಸೀಟಿನ ಹಳದಿ ಬೋರ್ಡ್ ಟೆಂಪೊ ಟ್ರಾವೆಲರ್, ಡ್ರೈವರ್ ಸೇರಿ ತಿಂಗಳಿಗೆ 45 ಸಾವಿರ, ಡೀಸೆಲ್ ನಮ್ಮದು. ಸಂಘದವರು ಪೂರ್ತಿ ಪುಕ್ಕಟೆಗೆ ಒಪ್ಪಲಿಲ್ಲ. ಒಂದು ಡಬ್ಬಿ ಇಡೋಣ, ಹತ್ತಿದವರು ಐದು ರೂಪಾಯಿ ಹಾಕಲಿ ಅಂತ ಆಯಿತು.

ಮೊದಲ ಎರಡು ತಿಂಗಳು ಸುಮ್ನೆ ಅವಮಾನ. ಪ್ರತಿ ಕ್ರಾಸಿನವರಿಗೂ ಮನೆ ಬಾಗಿಲಿಗೇ ಬೇಕು. 19 ಸ್ಟಾಪ್ ಕೊಟ್ಟೆವು. ಎಂಟು ಕಿಲೋಮೀಟರ್ ಸುತ್ತಿ ಬರುವಷ್ಟರಲ್ಲಿ 45 ನಿಮಿಷ. ಎರಡನೇ ಕ್ರಾಸಿನಲ್ಲಿ ಹತ್ತಿದವರು ಇಡೀ ಬಡಾವಣೆ ದರ್ಶನ ಮಾಡಿಕೊಂಡು ಮೆಟ್ರೊಗೆ ಹೋಗಬೇಕು, ನಡೆದಿದ್ದರೆ ಬೇಗ ತಲುಪುತ್ತಿದ್ದರು. ಖಾಲಿ ಗಾಡಿ ಓಡಿಸಿದೆವು. ಆ ಎರಡು ತಿಂಗಳಲ್ಲಿ ಸುಮಾರು 90 ಸಾವಿರ ಕೈಬಿಟ್ಟಿತು.

ಸ್ಟಾಪ್ ಕಡಿಮೆ ಮಾಡಬೇಕು ಅಂದಾಗ ಜಗಳ. ನಾನು ಮೊದಲು ನನ್ನ ಮನೆ ಮುಂದಿನ ಸ್ಟಾಪ್ ತೆಗೆದೆ, ಆಮೇಲೆ ಅಧ್ಯಕ್ಷರದ್ದು, ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಮೂರನೇ ಮೇನಿನ ಅಜ್ಜಿ ಒಬ್ಬರು ಮಾತ್ರ "ನಿನಗೆ ಮಂಡಿ ನೋವು ಬಂದಾಗ ಗೊತ್ತಾಗುತ್ತೆ ಕಣೋ" ಅಂದರು. ಅವರಿಗಾಗಿ ಪಾರ್ಕಿನ ಗೇಟಿನ ಹತ್ತಿರ ಒಂದು ಕಲ್ಲುಬೆಂಚು ಹಾಕಿಸಿದೆ. 19 ಇದ್ದದ್ದು 7 ಆಯಿತು, ಸುತ್ತು ಐದೂವರೆ ಕಿಲೋಮೀಟರ್. ಸಮಯ 34 ನಿಮಿಷ. ಇದೇ ತಲೆನೋವು. 30 ನಿಮಿಷದೊಳಗೆ ಬಂದರೆ ಒಂದೇ ಗಾಡಿಯಲ್ಲಿ ಅರ್ಧ ಗಂಟೆಗೊಂದು ಟ್ರಿಪ್ ಕೊಡಬಹುದು, 34 ಆದರೆ ಪ್ರತಿ ಸುತ್ತಿಗೂ ನಾಲ್ಕು ನಿಮಿಷ ಜಾರುತ್ತದೆ, ಮಧ್ಯಾಹ್ನದೊಳಗೆ ಟೈಂ ಟೇಬಲ್ ಅನ್ನೋದು ಸುಳ್ಳಾಗುತ್ತದೆ.

ಆ ನಾಲ್ಕು ನಿಮಿಷ ಎಲ್ಲಿ ಹೋಗುತ್ತಿದೆ ಅಂತ ಒಂದು ದಿನ ಡ್ರೈವರ್ ಪಕ್ಕ ಕೂತು ನೋಡಿದೆ. ಎಲ್ಲ ಬಾಗಿಲಲ್ಲೇ! ಒಬ್ಬರ ಹತ್ತಿರ ಐವತ್ತರ ನೋಟು. ಇನ್ನೊಬ್ಬರು ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು "ನೆಟ್ ಬರ್ತಿಲ್ಲ, ಒಂದ್ನಿಮಿಷ" ಅಂತ ಮೆಟ್ಟಿಲ ಮೇಲೇ ನಿಂತಿದ್ದಾರೆ. ಹಿಂದೆ ಐದು ಜನ. ಟ್ರಾವೆಲರ್‌ಗೆ ಇರುವುದು ಒಂದೇ ಬಾಗಿಲು.

ಮರುವಾರವೇ ರಸ್ತೆಯಲ್ಲಿ ತಪಾಸಣೆಯವರು ಹಿಡಿದರು. ಡಬ್ಬಿ ನೋಡಿದರು, ಮುಗೀತು. ಕಾಂಟ್ರಾಕ್ಟ್ ಕ್ಯಾರೇಜ್, ಅಂದ್ರೆ ಇಡೀ ಗಾಡಿ ಒಪ್ಪಂದದ ಮೇಲೆ ಬಾಡಿಗೆಗೆ ಓಡೋದು, ಅದರಲ್ಲಿ ತಲೆಗಿಷ್ಟು ಅಂತ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಅದಕ್ಕೆ ಲೈನ್ ಬಸ್ಸುಗಳಿಗೆ ಕೊಡುವ ಸ್ಟೇಜ್ ಕ್ಯಾರೇಜ್ ಪರ್ಮಿಟ್ ಬೇಕು. ತಪ್ಪು ನಮ್ಮದೇ. ದಂಡ, ಓಡಾಟ ಎಲ್ಲ ಸೇರಿ 14 ಸಾವಿರ ಹೋಯಿತು. ಡಬ್ಬಿ ಕಿತ್ತು ಹಾಕಿದೆವು, ಮಾರನೇ ದಿನ ಸುತ್ತು 27 ನಿಮಿಷಕ್ಕೆ ಬಂತು. ಖಜಾಂಚಿಯವರು ಗಡಿಯಾರ ನೋಡಿದರು, ನನ್ನ ಮುಖ ನೋಡಲಿಲ್ಲ.

ಈಗ ಬೆಳಿಗ್ಗೆ 6:35ರಿಂದ 8 ಸುತ್ತು, ಸಂಜೆ 4:35ರಿಂದ 8 ಸುತ್ತು. ಯಾವಾಗಲೂ ಗಂಟೆ ದಾಟಿ 5 ಮತ್ತು 35. ಪಾರ್ಕ್ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ, ಅಜ್ಜಿಗೂ ಬಾಯಿಪಾಠ. ಮಧ್ಯೆ ವಾಟ್ಸಾಪಲ್ಲಿ ಡ್ರೈವರ್ ಲೈವ್ ಲೊಕೇಶನ್ ಹಾಕಿ ನೋಡಿದ್ದೆ. ಎಂಟು ಗಂಟೆಗೊಮ್ಮೆ ಅದು ತಾನೇ ನಿಂತು ಹೋಗುತ್ತದೆ, ಜೊತೆಗೆ ಗಾಡಿ ಸಿಗ್ನಲಲ್ಲಿ ನಿಂತರೂ ಜನ ಡ್ರೈವರ್‌ಗೆ ಫೋನ್ ಮಾಡಿ "ಯಾಕೆ ಅಲ್ಲೇ ಇದೀರಾ" ಅನ್ನುತ್ತಿದ್ದರು. ತೆಗೆದು ಹಾಕಿದೆ. ಶನಿವಾರ ತರಕಾರಿ ಮಾರ್ಕೆಟ್ಟಿಗೆ ಒಂದು ಟ್ರಿಪ್ ಕೂಡ ಮಾಡಿದ್ದೆ. ಸೋಮವಾರದವರೆಗೆ ಸೀಟೆಲ್ಲ ಮೆಂತ್ಯದ ವಾಸನೆ, ಅದೂ ಬಂದ್.

ಇನ್ನು ದುಡ್ಡಿನ ವಿಷಯ. ದಿನಕ್ಕೆ 88 ಕಿಲೋಮೀಟರ್, ಡೀಸೆಲ್ ತಿಂಗಳಿಗೆ 21 ಸಾವಿರದ ಹತ್ತಿರ. ಒಟ್ಟು ಖರ್ಚು 66 ಸಾವಿರ. ಹತ್ತುವಾಗ ಪುಕ್ಕಟೆ, ಅದರ ಬದಲು ಮನೆಗೆ ತಿಂಗಳಿಗೆ 180 ರೂಪಾಯಿ ಕೇಳಿದೆವು. ಮೊದಲು ಕೊಟ್ಟವರು ನೂರಿಪ್ಪತ್ತು ಮನೆ ಅಷ್ಟೇ, "ನಮಗೆ ಕಾರ್ ಇದೆ" ಅನ್ನೋದು ಉಳಿದವರ ಮಾತು. ಇದನ್ನು ತಿರುಗಿಸಿದ್ದು ಮನೆಕೆಲಸದವರು. ಅವರೆಲ್ಲ ಮೇನ್ ರೋಡಿನವರೆಗೆ ಶಕ್ತಿಯಲ್ಲಿ ಬಂದು, ಅಲ್ಲಿಂದ ಒಳಗೆ ನಡೆಯುತ್ತಿದ್ದರು. ಅವರಿಗೂ ಗಾಡಿ ಹತ್ತುವ ಕಾರ್ಡ್ ಕೊಡೋಣ ಅಂದಾಗ ಮೀಟಿಂಗಲ್ಲಿ ಮುಖ ಸಿಂಡರಿಸಿದವರು ಇದ್ದರು, ಹೆಸರು ಬೇಡ. ನಾನು ಹಟ ಬಿಡಲಿಲ್ಲ. ಆಫೀಸಿನವರನ್ನು ಬಿಟ್ಟು ಖಾಲಿ ವಾಪಸ್ ಬರುತ್ತಿದ್ದ ಗಾಡಿ ಈಗ ತುಂಬಿ ಬರುತ್ತದೆ. ಕೆಲಸದಾಕೆ 7ಕ್ಕೆ ಸರಿಯಾಗಿ ಬಾಗಿಲು ತಟ್ಟಿದರೆ 180 ರೂಪಾಯಿಗೆ ಯಾರು ತಕರಾರು ಮಾಡುತ್ತಾರೆ? ಈಗ 310 ಮನೆ ಕೊಡುತ್ತವೆ, 55 ಸಾವಿರ ಚಿಲ್ಲರೆ. ಉಳಿದ ಹತ್ತು ಸಾವಿರ ಸೀಟಿನ ಹಿಂಬದಿಯ ಜಾಹೀರಾತು: ಹಲ್ಲಿನ ಡಾಕ್ಟರು, ಟ್ಯೂಷನ್, ಒಂದು ಬೇಕರಿ. ಅವರನ್ನು ವರ್ಷದ ದುಡ್ಡು ಮುಂಗಡ ಕೊಡುವಂತೆ ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಹತ್ತಿರವೇ ಇರಲಿ.

ಕಾರ್ಡ್ ಬಗ್ಗೆ ಒಂದು ಮಾತು. ಯಾರು ಬೇಕಾದರೂ ಹತ್ತಲಿ ಅಂತ ಬಿಡಬೇಡಿ. ಸಂಘ ಮತ್ತು ಗಾಡಿ ಮಾಲೀಕರ ನಡುವಿನ ಒಪ್ಪಂದಕ್ಕೆ ಪ್ರಯಾಣಿಕರ ಪಟ್ಟಿ ಲಗತ್ತಿಸಿ, ಒಂದು ಪ್ರತಿ ಗಾಡಿಯಲ್ಲೇ ಇಡಿ. ದಾರಿಯಲ್ಲಿ ಪಟ್ಟಿಯಲ್ಲಿಲ್ಲದವರನ್ನು ಹತ್ತಿಸಿದರೆ ಮತ್ತೆ ಅದೇ ದಂಡದ ಕಥೆ. ನಾವು ಕೆಲಸದವರನ್ನು ಆಯಾ ಮನೆ ನಂಬರಿನ ಕೆಳಗೆ ಸೇರಿಸಿದ್ದೇವೆ. ಮೊದಲು ಒಬ್ಬ ವಕೀಲರಿಗೆ ತೋರಿಸಿ, ನನ್ನ ಹಾಗೆ ಆಮೇಲೆ ತೋರಿಸಬೇಡಿ.

ದಿನಕ್ಕೆ ಈಗ 260, 270 ಜನ ಓಡಾಡುತ್ತಾರೆ. ಬೆಳಿಗ್ಗೆ 8:05ಕ್ಕೆ ನಾಲ್ಕೈದು ಜನ ಸೀಟಿಲ್ಲದೆ ಉಳಿಯುತ್ತಿದ್ದಾರೆ, ಇಪ್ಪತ್ತು ಸೀಟಿನ ಗಾಡಿ ನೋಡುತ್ತಿದ್ದೇನೆ. ಮಾಲೀಕ 12 ಸಾವಿರ ಜಾಸ್ತಿ ಕೇಳುತ್ತಿದ್ದಾನೆ, ಎಂಟಕ್ಕೆ ಇಳಿಸುತ್ತೇನೆ. ಖಜಾಂಚಿಯವರು ಇನ್ನೂ ಸಹಿ ಹಾಕಿಲ್ಲ. ಆದರೆ ಅವರ ಸೊಸೆ ಹತ್ತೋದೂ 8:05ಕ್ಕೇ.