ಹಿಸ್ ಕೇಳಿ ವಾಲ್ಯೂಮ್ ನಿಲ್ಲಿಸುವುದು: ಟೇಪ್ ವರ್ಗಾವಣೆಗಳೊಂದಿಗೆ ನನ್ನ ಅನುಭವ

ಹಳೆಯ ಅನಲಾಗ್ ಟೇಪುಗಳಿಂದ ವರ್ಗಾವಣೆ ಮಾಡಿದ, ಅಂದರೆ ಡಿಜಿಟಲ್‌ಗೆ ಇಳಿಸಿದ, ಹೈ-ರೆಸ್ (ಸಿಡಿಗಿಂತ ಸೂಕ್ಷ್ಮ ಅಳತೆಯ) ಫೈಲುಗಳನ್ನು ಕೇಳುವಾಗ ವಾಲ್ಯೂಮನ್ನು ಸಂಗೀತ ಕೇಳಿ ಅಲ್ಲ, ಟೇಪಿನ ಹಿಸ್ (ಹಿನ್ನೆಲೆಯಲ್ಲಿ ಸುಯ್ ಎನ್ನುವ ಸದ್ದು) ಕೇಳಿ ನಿಲ್ಲಿಸಬೇಕು ಎಂದು ನಾನು ಹೇಳತೊಡಗಿದಾಗ ಜೊತೆಯ ಕೇಳುಗರಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಹಿಸ್ ಎಂಬುದು ತೆಗೆದುಹಾಕಬೇಕಾದ ಕಸ, ಅದನ್ನೇ ಅಳತೆಗೋಲು ಮಾಡಿಕೊಳ್ಳುವುದು ಹುಚ್ಚು ಎಂಬುದು ಅವರ ವಾದವಾಗಿತ್ತು. ಈಗ ಅವರಲ್ಲಿ ಇಬ್ಬರು ಇದೇ ಕ್ರಮದಲ್ಲಿ ಕೇಳುತ್ತಾರೆ. ಒಬ್ಬರಂತೂ ತಾವೇ ಕಂಡುಹಿಡಿದವರಂತೆ ಬೇರೆಯವರಿಗೆ ಹೇಳಿಕೊಡುತ್ತಿದ್ದಾರೆ. ಬರೆದಿಡುವುದಕ್ಕೆ ಅಷ್ಟು ಕಾರಣ ಸಾಕು.

ಮೊದಲು ಹಣದ ಮಾತು ಮುಗಿಸುತ್ತೇನೆ. ಎಲ್ಲರಂತೆ ನಾನೂ ಒಂದೇ ಆಲ್ಬಮ್ಮನ್ನು 24 ಬಿಟ್ 96 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 96 ಸಾವಿರ ಸಲ ಸದ್ದಿನ ಅಳತೆ ತೆಗೆದದ್ದು) ಕೊಂಡೆ, ಆಮೇಲೆ 192ರಲ್ಲಿ ಕೊಂಡೆ, ಅದೂ ಸಾಲದೆ ಡಿಎಸ್‌ಡಿ ಎಂಬ ಇನ್ನೊಂದು ಡಿಜಿಟಲ್ ರೂಪದಲ್ಲಿ ಕೊಂಡೆ. ಡ್ಯಾಕ್ (ಡಿಜಿಟಲ್ ಫೈಲನ್ನು ಅನಲಾಗ್ ಸಂಕೇತವಾಗಿಸುವ ಸಾಧನ) ಎರಡು ಸಲ ಬದಲಾಯಿತು. ಎರಡನೆಯದಕ್ಕೆ ಕೊಟ್ಟದ್ದು ಸ್ಪೀಕರುಗಳ ಜೋಡಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಫೈಲುಗಳಿಗೆ ಹಾಕಿದ ಹಣದಲ್ಲಿ ಮೂರನೆಯ ಒಂದು ಪಾಲಾದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಸ್ಪೆಕ್ಟ್ರೋಗ್ರಾಮ್ (ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ) ತೆಗೆದು ನೋಡಿದರೆ, 192 ಎಂದು ಮಾರಿದ ಕೆಲವು ಫೈಲುಗಳು 22 ಕಿಲೋಹರ್ಟ್ಸ್‌ಗೆ ಥಟ್ಟನೆ ಮುಗಿದುಹೋಗಿದ್ದವು. ಸೆಕೆಂಡಿಗೆ 15 ಇಂಚು ವೇಗದಲ್ಲಿ ಓಡಿದ ಟೇಪಿನಲ್ಲಿ ಮೇಲಿನ ಆವರ್ತನಗಳು ನಿಧಾನವಾಗಿ ಇಳಿಯುತ್ತವೆಯೇ ಹೊರತು ಹೀಗೆ ಕತ್ತರಿಸಿ ಹೋಗುವುದಿಲ್ಲ, ಹಿಸ್ ಅಂತೂ ಇನ್ನೂ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ನಡುವೆ ಎಲ್ಲೋ 44.1ರ (ಸಿಡಿಯ ಪ್ರಮಾಣ, ಅದರಲ್ಲಿ ಹಿಡಿಯುವುದು ಅದರ ಅರ್ಧದವರೆಗಿನ ಆವರ್ತನ ಮಾತ್ರ) ಡಿಜಿಟಲ್ ಪ್ರತಿಯೊಂದು ನುಸುಳಿದೆ ಎಂದೇ ತಿಳಿಯಬೇಕು. 15.7 ಕಿಲೋಹರ್ಟ್ಸ್ ಹತ್ತಿರ ತೆಳುವಾದ ಗೆರೆಯೊಂದು ಕಂಡರೆ ಮಾತ್ರ ಗಾಬರಿ ಬೇಡ. ಅದು ಹತ್ತಿರದಲ್ಲಿದ್ದ ಹಳೆಯ ಟಿವಿ ಪರದೆಯ ಸಿಳ್ಳು, ಟೇಪಿನ ದೋಷವಲ್ಲ.

ಸಂಖ್ಯೆಗಳ ಮೇಲಿನ ನಂಬಿಕೆ ಹೋದದ್ದು ಕುರುಡು ಪರೀಕ್ಷೆಗಳಿಂದ. 192ರ ಫೈಲನ್ನು ನಾನೇ 96ಕ್ಕೆ ಇಳಿಸಿ ಎಬಿಎಕ್ಸ್ (ಯಾವುದು ಯಾವುದೆಂದು ತಿಳಿಯದೆ ಕೇಳಿ ಗುರುತಿಸುವ ಪರೀಕ್ಷೆ) ಮಾಡಿದಾಗ ಫಲಿತಾಂಶ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲಾಗಲಿಲ್ಲ. 44.1ಕ್ಕೆ ಇಳಿಸಿದಾಗ ಒಂದೆರಡು ರಚನೆಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸರಿ ಬಂತು, ಅದನ್ನು ನೆಚ್ಚಿ ನಾನು ಪಂಥ ಕಟ್ಟಲಾರೆ. ಹೈ-ರೆಸ್ಸನ್ನು ಸಿಡಿ ಗುಣಮಟ್ಟಕ್ಕೆ ಇಳಿಸಿ ಕೇಳಿಸಿ ಮೆಯರ್ ಮತ್ತು ಮೊರನ್ ಎಂಬವರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇದೇ ದಿಕ್ಕಿನಲ್ಲಿತ್ತು. ಆದರೆ ಒಂದೇ ಧ್ವನಿಮುದ್ರಣದ ಎರಡು ಬೇರೆ ವರ್ಗಾವಣೆಗಳನ್ನು ಸಮ ಮಟ್ಟಕ್ಕೆ ತಂದು ಕೇಳಿದಾಗ ನಾನು ತಪ್ಪಿದ್ದೇ ಕಡಿಮೆ. ವ್ಯತ್ಯಾಸವಿರುವುದು ಯಾವ ಟೇಪು, ಎಷ್ಟನೆಯ ತಲೆಮಾರಿನ ಪ್ರತಿ, ಹೆಡ್ (ಟೇಪನ್ನು ಓದುವ ಭಾಗ) ಎಷ್ಟು ನೆಟ್ಟಗಿತ್ತು, ಆಮೇಲೆ ಯಾರು ಏನು ಒರೆಸಿದರು ಎಂಬುದರಲ್ಲಿ. ಇದನ್ನು ಮಾರುವವರು ಹೇಳುವುದಿಲ್ಲ, ಹಿಸ್ ಹೇಳುತ್ತದೆ.

ನನ್ನ ಕ್ರಮ ಹೀಗಿದೆ. ರೀಪ್ಲೇಗೇನ್ (ರಚನೆಗಳ ಜೋರನ್ನು ತಾನಾಗಿ ಸಮ ಮಾಡುವ ಸೌಲಭ್ಯ) ನಿಲ್ಲಿಸಿ, ಪ್ಲೇಯರ್ ನೇರವಾಗಿ ಡ್ಯಾಕ್‌ಗೆ ಹೋಗುವಂತೆ ಮಾಡಿ, ಕೋಣೆ ಪೂರ್ತಿ ನಿಶ್ಶಬ್ದವಾಗಿರುವ ಹೊತ್ತಿನಲ್ಲಿ, ರಚನೆಯ ಮೊದಲ ಸ್ವರಕ್ಕೆ ಮುಂಚಿನ ಒಂದೆರಡು ಸೆಕೆಂಡನ್ನು ಲೂಪ್ ಮಾಡುತ್ತೇನೆ. ಕೂರುವ ಜಾಗದಲ್ಲಿ ಹಿಸ್ ಕೇಳಿಸಿತೋ ಇಲ್ಲವೋ ಎನ್ನುವ ಮಟ್ಟಕ್ಕೆ ವಾಲ್ಯೂಮ್ ಏರಿಸಿ ಅಲ್ಲಿಗೆ ಕೈ ತೆಗೆಯುತ್ತೇನೆ. ಆಮೇಲೆ ಸಂಗೀತ ಎಷ್ಟೇ ಏರಲಿ, ಇಳಿಯಲಿ, ಗುಂಡಿಯನ್ನು ಮುಟ್ಟುವುದಿಲ್ಲ. ಎರಡು ರಚನೆಗಳ ನಡುವಿನ ಖಾಲಿ ಜಾಗವನ್ನು ಇದಕ್ಕೆ ಬಳಸಬಾರದು, ಏಕೆಂದರೆ ಮಾಸ್ಟರಿನಲ್ಲಿ (ಮೂಲ ಟೇಪಿನಲ್ಲಿ) ಅಲ್ಲಿ ಬಹಳ ಸಲ ಏನೂ ಮುದ್ರಿಸದ ಲೀಡರ್ ಟೇಪನ್ನು ಅಂಟಿಸಿರುತ್ತಾರೆ, ಇಲ್ಲವೇ ವರ್ಗಾವಣೆ ಮಾಡಿದವರು ಶೂನ್ಯಕ್ಕೆ ಇಳಿಸಿರುತ್ತಾರೆ. ಡಾಲ್ಬಿ (ಹಿಸ್ ತಗ್ಗಿಸುವ ವ್ಯವಸ್ಥೆ) ಬಳಸದ, ಸೆಕೆಂಡಿಗೆ 15 ಇಂಚಿನ ಟೇಪಿನಲ್ಲಿ ಜೋರಿನ ಭಾಗಕ್ಕೂ ಹಿಸ್‌ಗೂ ನಡುವಿನ ಅಂತರ ಸುಮಾರು 60ರಿಂದ 65 ಡೆಸಿಬೆಲ್ ಎಂದು ಇಟ್ಟುಕೊಂಡರೆ, ಹಿಸ್ 30 ಡೆಸಿಬೆಲ್ ಆಸುಪಾಸಿನಲ್ಲಿ ಕೋಣೆಯ ಸದ್ದಿನೊಡನೆ ಬೆರೆತಾಗ ವಾದ್ಯವೃಂದದ ಶಿಖರಗಳು 90ರಿಂದ 95ಕ್ಕೆ ಬರುತ್ತವೆ. ಅದು ಸಭಾಂಗಣದ ನಡುಸಾಲಿನಲ್ಲಿ ಕೂತವರಿಗೆ ಸಿಗುವ ಮಟ್ಟಕ್ಕೆ ತೀರ ದೂರದ್ದಲ್ಲ.

ಇದರಿಂದ ಸಿಕ್ಕ ನಿಜವಾದ ಲಾಭವೆಂದರೆ, ಎರಡು ವರ್ಗಾವಣೆಗಳನ್ನು ಹಿಸ್ ಸಮ ಮಾಡಿ ಹೋಲಿಸಿದಾಗ ಒಳಗಿನ ಕಥೆ ಹೊರಬರುವುದು. ಒಂದರಲ್ಲಿ ಮೆತ್ತನೆಯ ಭಾಗಗಳು ಸಮನಾಗಿದ್ದು ಶಿಖರಗಳು ಮಾತ್ರ ತಗ್ಗಿದ್ದರೆ ಅಲ್ಲಿ ಲಿಮಿಟರ್ (ಶಿಖರಗಳನ್ನು ಒತ್ತಿ ತಗ್ಗಿಸುವ ಸಾಧನ) ಕೆಲಸ ಮಾಡಿದೆ. ಮೆತ್ತನೆಯದೂ ಜೋರಿನದೂ ಒಟ್ಟಿಗೆ ಮೂರು ಡೆಸಿಬೆಲ್‌ನಷ್ಟು ಇಳಿದಿದ್ದರೆ ಅದು ಬಹುಮಟ್ಟಿಗೆ ಮುಂದಿನ ತಲೆಮಾರಿನ ಪ್ರತಿ; ಅದೇ ಬಗೆಯ ಟೇಪಿಗೆ ಒಂದು ಸಲ ನಕಲು ಮಾಡಿದರೆ ಹಿಸ್ ಹೆಚ್ಚುವುದು ಸರಿಸುಮಾರು ಅಷ್ಟೇ. ಇನ್ನು ಎಲ್ಲವೂ ಅಸಹಜವಾಗಿ ಜೋರಾಯಿತೆಂದರೆ ಯಾರೋ ಹಿಸ್ ಒರೆಸಿದ್ದಾರೆ, ಜೊತೆಗೆ ಪಿಟೀಲಿನ ಕೊನೆಯ ಎಳೆಯನ್ನೂ ಸಭಾಂಗಣದ ಅನುರಣನವನ್ನೂ ಒರೆಸಿದ್ದಾರೆ. ಟ್ರೆಬಲ್ (ಮೇಲಿನ ಆವರ್ತನಗಳನ್ನು) ಎತ್ತಿದ ವರ್ಗಾವಣೆ ಮಾತ್ರ ಈ ಲೆಕ್ಕವನ್ನು ಕೆಡಿಸುತ್ತದೆ, ಏಕೆಂದರೆ ಅದರಲ್ಲಿ ಹಿಸ್ ತಾನಾಗಿಯೇ ಏರಿರುತ್ತದೆ. ಅದನ್ನು ಬೇರ್ಪಡಿಸಲು ನಾನು ಹಿಸ್ಸನ್ನು ಎರಡು ಆವರ್ತನ ಪಟ್ಟಿಗಳಲ್ಲಿ ಅಳೆದು ಅನುಪಾತ ನೋಡುತ್ತೇನೆ. ಯಾವ ಪಟ್ಟಿಗಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಚಳಿಗಾಲವಿಡೀ ಕೂತು ಕಂಡುಕೊಂಡದ್ದು, ಸ್ವಲ್ಪ ದಿನ ನನ್ನ ಬಳಿಯೇ ಇರಲಿ.

ಈ ಕ್ರಮ ಡಾಲ್ಬಿ ಎ ಬಂದ ನಂತರದ ಟೇಪುಗಳಿಗೆ ಹಾಗೆಯೇ ಹೊಂದುವುದಿಲ್ಲ. 1960ರ ದಶಕದ ಉತ್ತರಾರ್ಧದಿಂದ ಸ್ಟುಡಿಯೋಗಳಲ್ಲಿ ಹರಡಿದ ಆ ವ್ಯವಸ್ಥೆ ಹಿಸ್ಸನ್ನು ಸುಮಾರು 10 ಡೆಸಿಬೆಲ್ ತಗ್ಗಿಸುತ್ತಿತ್ತು. ಹಳೆಯ ಗುರುತಿನಲ್ಲೇ ವಾಲ್ಯೂಮ್ ನಿಲ್ಲಿಸಹೊರಟರೆ ಮನೆ ಹಾರಿಹೋಗುವಷ್ಟು ಜೋರಾಗುತ್ತದೆ. ಹಾಗಾಗಿ ಅಂಥವುಗಳಿಗೆ ಹಿಸ್ ಕೇಳಿಸುವ ಮಟ್ಟದಿಂದ 10 ಡೆಸಿಬೆಲ್ ಕೆಳಗೆ ಬಂದು ನಿಲ್ಲುತ್ತೇನೆ.

ಹೀಗೆ ಅಳೆಯುತ್ತ ಹೋದಾಗ ನನ್ನ ಸಂಗ್ರಹದ ಮೇಲುಕೀಳು ತಲೆಕೆಳಗಾಯಿತು. ಮರ್ಕ್ಯುರಿ ಲಿವಿಂಗ್ ಪ್ರೆಸೆನ್ಸ್ ಎಂಬ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣ ಸರಣಿಯನ್ನು ಅದರ ನಿರ್ಮಾಪಕಿ ವಿಲ್ಮಾ ಕೊಜಾರ್ಟ್ ಫೈನ್ ಅವರು 1990ರ ಸುಮಾರಿಗೆ ಮೂರು ಟ್ರ್ಯಾಕಿನ ಮೂಲ ಟೇಪುಗಳಿಂದ ತಾವೇ ಕೂತು ಸಿಡಿಗೆ ಇಳಿಸಿದರು. ಬರೀ 16 ಬಿಟ್ 44.1ರ ಆ ಸಿಡಿಗಳು ನಾನು ದುಬಾರಿಗೆ ಕೊಂಡ ಹಲವು 192ರ ಫೈಲುಗಳನ್ನು ಹಿಂದೆ ಹಾಕಿದವು. ಹಾಗೆಂದು ಹೈ-ರೆಸ್ ವ್ಯರ್ಥವೆಂದು ನಾನು ಹೇಳುವುದಿಲ್ಲ. ಒಳ್ಳೆಯ ವರ್ಗಾವಣೆಗಳು ಇತ್ತೀಚೆಗೆ ಹೆಚ್ಚಾಗಿ 24 ಬಿಟ್‌ನಲ್ಲೇ ಬರುತ್ತವೆ, ಶಿಖರಗಳಿಗೆ ಮೇಲೆ ಜಾಗ ಬಿಟ್ಟು, ಮೆತ್ತಗೆ, ಏನೂ ಒರೆಸದೆ ಬರುತ್ತವೆ. ಮೆತ್ತಗಿವೆ ಎಂಬ ಒಂದೇ ಕಾರಣಕ್ಕೆ ಅವುಗಳನ್ನು ತಿರಸ್ಕರಿಸುವವರನ್ನು ನಾನು ಬಹಳ ಕಂಡಿದ್ದೇನೆ.

ನಡುವೆ ಬಳಸಿದ ರೀಲ್ ಡೆಕ್ (ರೀಲ್ ಟೇಪು ಓಡಿಸುವ ಯಂತ್ರ) ಒಂದನ್ನು ಕೊಂಡು ನಾನೇ ವರ್ಗಾವಣೆ ಮಾಡಿ ನೋಡುವ ಪ್ರಯೋಗಕ್ಕೂ ಕೈಹಾಕಿದೆ. ಹಣದ ದೃಷ್ಟಿಯಿಂದ ಇದರಷ್ಟು ಕೆಟ್ಟ ವ್ಯವಹಾರ ಬೇರೆ ಇಲ್ಲ: ಡೆಕ್‌ನ ಬೆಲೆಯ ಅರ್ಧದಷ್ಟು ಹೆಡ್ ಸರಿಮಾಡಿಸಲು ಹೋಯಿತು, ಯಂತ್ರವನ್ನು ಹೊಂದಿಸಲು ಬೇಕಾದ ಕ್ಯಾಲಿಬ್ರೇಶನ್ ಟೇಪಿಗೆ ಕೊಟ್ಟದ್ದನ್ನು ನೆನೆಯದಿರುವುದೇ ಮೇಲು. ಹಿಂಬದಿಗೆ ಲೇಪವಿದ್ದ 1970ರ ದಶಕದ ಎರಡು ಮೂರು ಟೇಪುಗಳು ತೇವ ಹೀರಿ ಅಂಟಂಟಾಗಿ ಹೆಡ್ಡಿಗೆ ಮೆತ್ತಿಕೊಂಡವು. ಅವುಗಳನ್ನು 54 ಡಿಗ್ರಿ ಸೆಲ್ಸಿಯಸ್ ಹತ್ತಿರ ಏಳೆಂಟು ಗಂಟೆ ಬಿಸಿ ಮಾಡಿದ ಮೇಲೆ ಒಂದು ಸಲಕ್ಕೆ ಓಡಿದವು. ಇನ್ನೂ ಹಳೆಯ ಅಸಿಟೇಟ್ ಟೇಪುಗಳಿಗೆ ಮಾತ್ರ ಈ ಉಪಾಯವನ್ನು ಯಾರೂ ಮಾಡಬಾರದು. ಆದರೂ ಒಂದು ವಿದ್ಯೆ ದಕ್ಕಿತು. ಐಇಸಿ, ನ್ಯಾಬ್ ಎಂಬವು ಮುದ್ರಿಸುವಾಗಲೂ ಓಡಿಸುವಾಗಲೂ ಟ್ರೆಬಲ್, ಬಾಸ್ ಹೊಂದಿಸುವ (ಈಕ್ವಲೈಸೇಶನ್) ಎರಡು ಬೇರೆ ಮಾನದಂಡಗಳು. 15 ಇಂಚಿನ ಐಇಸಿ ಟೇಪನ್ನು ನ್ಯಾಬ್ ಈಕ್ವಲೈಸೇಶನ್‌ನಲ್ಲಿ ಓಡಿಸಿದರೆ ಟ್ರೆಬಲ್ ಸುಮಾರು 3 ಡೆಸಿಬೆಲ್ ಏರುತ್ತದೆ, 50 ಹರ್ಟ್ಸ್ ಹತ್ತಿರ ಬಾಸ್ ಅಷ್ಟೇ ಇಳಿಯುತ್ತದೆ. ಮಾರಾಟದಲ್ಲಿರುವ ಒಂದು ವರ್ಗಾವಣೆಯಲ್ಲಿ ಇದೇ ಚಹರೆ ಕಂಡು ಡಿಜಿಟಲ್‌ನಲ್ಲಿ ಆ ಏರಿಳಿತವನ್ನು ತಿರುಗುಮುರುಗು ಮಾಡಿ ಕೇಳಿದಾಗ, ತೆಳ್ಳಗೆ ಕಿರಿಚುತ್ತಿದ್ದ ವಾದ್ಯವೃಂದ ನೆಲದ ಮೇಲೆ ಬಂದು ಕೂತಿತು.

ಪ್ರಿಂಟ್-ಥ್ರೂ ಬಗ್ಗೆಯೂ ಒಂದು ಮಾತು. ರೀಲಿನ ಪಕ್ಕದ ಸುತ್ತಿನಿಂದ ಇಳಿದ ಆ ಪೂರ್ವಧ್ವನಿ 15 ಇಂಚಿನ ವೇಗದಲ್ಲಿ, ದೊಡ್ಡ ರೀಲಿನ ಹೊರಸುತ್ತಿನಲ್ಲಿ ಎರಡು ಸೆಕೆಂಡಿನಷ್ಟು, ಒಳಸುತ್ತಿನಲ್ಲಿ ಸುಮಾರು ಒಂದು ಸೆಕೆಂಡಿನಷ್ಟು ಮುಂಚೆ ಕೇಳಿಸುತ್ತದೆ. ಮೊದಲ ಸ್ವರ ಜೋರಾಗಿದ್ದರೆ ಹಿಸ್ ಅಳೆಯುವ ಜಾಗಕ್ಕೇ ಬಂದು ಬೀಳುತ್ತದೆ, ಆಗ ರಚನೆಯ ಕೊನೆಯ ಅನುರಣನ ಅಡಗಿದ ಮೇಲಿನ ತುಣುಕನ್ನು ಬಳಸುವುದು ಕ್ಷೇಮ. ವೇಗದ ವಿಷಯದಲ್ಲಿ ಹಿಸ್ ಏನೂ ಹೇಳಲಾರದು. ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಅವರ 1959ರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’ನ ಮೊದಲ ಮಗ್ಗುಲನ್ನು ಮುದ್ರಿಸಿದ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ದಶಕಗಳ ಕಾಲ ಶ್ರುತಿ ಏರಿದ್ದೇ ಹೊರಬರುತ್ತಿತ್ತು, 1992ರಲ್ಲಿ, ಆಗಲೇ ಬೇರೆ ಯಂತ್ರದಲ್ಲಿ ಮುದ್ರಿಸಿಟ್ಟಿದ್ದ ಸುರಕ್ಷತಾ ಪ್ರತಿಯ ಟೇಪಿನಿಂದ ಸರಿಯಾಯಿತು. ಅಂಥದ್ದನ್ನು ಹಿಡಿಯಲು ಕಿವಿಯೊಂದೇ ದಾರಿ.

ಈಗ ಕೊಳ್ಳುವ ವಿಧಾನವನ್ನೂ ಬದಲಿಸಿದ್ದೇನೆ. ಅಂಗಡಿಗಳು ಕೇಳಿಸುವ ಮಾದರಿ ತುಣುಕು ಸಾಮಾನ್ಯವಾಗಿ ರಚನೆಯ ನಡುವಿನದಾಗಿರುತ್ತದೆ, ನನಗೆ ಬೇಕಾದ ಆ ಒಂದೆರಡು ಸೆಕೆಂಡು ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಆಲ್ಬಮ್ಮಿನ ಅತಿ ಚಿಕ್ಕ ರಚನೆಯೊಂದನ್ನೇ ಬಿಡಿಯಾಗಿ, 96ರಲ್ಲಿ ಕೊಂಡು ಅಳೆಯುತ್ತೇನೆ. ಅಳತೆ ಸರಿಬಂದರೆ ಉಳಿದದ್ದನ್ನು ಕೊಳ್ಳುತ್ತೇನೆ, ಇಲ್ಲದಿದ್ದರೆ ಅದೇ ಧ್ವನಿಮುದ್ರಣದ ಹಳೆಯ ಸಿಡಿ ಎಲ್ಲಾದರೂ ಅಗ್ಗಕ್ಕೆ ಸಿಗುವುದೇ ಎಂದು ಹುಡುಕುತ್ತೇನೆ.